ವಾಚ್‌ಡಾಗ್ ದಾಖಲೆಯಲ್ಲಿ ಬೆರೆತುಹೋಗುವ ಸಮಯಗಳು

ಪ್ರಶ್ನೆ: ನಮ್ಮ ಲಿನಕ್ಸ್ ಬೋರ್ಡ್‌ನಲ್ಲಿ ಮ್ಯಾಕ್ಸ್706 ವಾಚ್‌ಡಾಗ್ ಚಿಪ್ (ನಿಗದಿತ ಸಮಯದೊಳಗೆ ಸಂಕೇತ ಬಾರದಿದ್ದರೆ ಬೋರ್ಡ್ ರೀಸೆಟ್ ಮಾಡಿಸುವ ಚಿಪ್) ಇದೆ, ಜಿಪಿಐಒ ಪಿನ್ (ಸಾಫ್ಟ್‌ವೇರ್ ನಿಯಂತ್ರಿಸುವ ಪಿನ್) ಒಂದರಿಂದ ಅದನ್ನು ಪಿಂಗ್ ಮಾಡುತ್ತೇವೆ, ಅಂದರೆ ಆ ಸಂಕೇತ ಕಳಿಸುತ್ತೇವೆ. ಕರ್ನಲ್‌ನ ಜಿಪಿಐಒ ವಾಚ್‌ಡಾಗ್ ಬೈಂಡಿಂಗ್ ದಾಖಲೆ ಓದಿ ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ಅನ್ನು ಕರ್ನಲ್‌ಗೆ ವಿವರಿಸುವ ಕಡತ; ಅದರಲ್ಲಿ ಏನು ಬರೆಯಬೇಕೆಂದು ಹೇಳುವುದೇ ಬೈಂಡಿಂಗ್ ದಾಖಲೆ) ‘ಎಚ್‌ಡಬ್ಲ್ಯೂ_ಮಾರ್ಜಿನ್_ಎಂಎಸ್’ 1600, ‘ಟೈಮ್‌ಔಟ್-ಸೆಕ್’ 1 ಎಂದು ಕೊಟ್ಟಿದ್ದೇವೆ. ಕೆಲವು ಬೋರ್ಡ್‌ಗಳು ಸರಿಯಾಗಿ ಓಡುತ್ತವೆ, ಕೆಲವು ಲೋಡ್ ಹೆಚ್ಚಾದಾಗ ರೀಸೆಟ್ ಆಗುತ್ತವೆ, ಕೆಲವು ಬೂಟ್ ಮುಗಿಯುವ ಮೊದಲೇ. ವಾಚ್‌ಡಾಗ್ ನಿಲ್ಲಿಸಲಾಗದ್ದು ಎಂದು ಹೇಳುವ ‘ಆಲ್ವೇಸ್-ರನ್ನಿಂಗ್’ ಸೇರಿಸಿದರೂ ಬೂಟ್ ತೊಂದರೆ ಹೋಗಲಿಲ್ಲ. ಬೇರೆಯವರಿಗೆ ಹೀಗಾಗದಿರಲೆಂದು ದಾಖಲೆಯನ್ನು ಸ್ಪಷ್ಟಪಡಿಸುವ ಪ್ಯಾಚ್ (ತಿದ್ದುಪಡಿ) ಕಳಿಸಬೇಕೆಂದಿದ್ದೇವೆ. ಏನು ಬರೆಯಬೇಕು, ಏನು ಬಿಡಬೇಕು?

ಉತ್ತರ: ನಿಮ್ಮ ಬೋರ್ಡ್‌ನಲ್ಲಿ ಮೂರು ಬೇರೆ ಬೇರೆ ಸಮಯಗಳಿವೆ. ಪಿಂಗ್ ಬಾರದಿದ್ದರೆ ಚಿಪ್ ಎಷ್ಟು ಹೊತ್ತು ಕಾಯುತ್ತದೆ ಎಂಬುದು ಮೊದಲನೆಯದು (‘ಎಚ್‌ಡಬ್ಲ್ಯೂ_ಮಾರ್ಜಿನ್_ಎಂಎಸ್’). ಯೂಸರ್‌ಸ್ಪೇಸ್‌ನ (ಕರ್ನಲ್‌ನ ಹೊರಗೆ ಓಡುವ) ಪ್ರೋಗ್ರಾಂ ಎಷ್ಟು ಹೊತ್ತು ಸುಮ್ಮನಿದ್ದರೆ ವ್ಯವಸ್ಥೆ ಸತ್ತಿದೆ ಎಂದು ಭಾವಿಸಬೇಕು ಎಂಬುದು ಎರಡನೆಯದು (‘ಟೈಮ್‌ಔಟ್-ಸೆಕ್’). ಬೋರ್ಡ್‌ಗೆ ವಿದ್ಯುತ್ ಬಂದಾಗಿನಿಂದ ಕರ್ನಲ್‌ನ ಡ್ರೈವರ್ ಜವಾಬ್ದಾರಿ ಹೊರುವವರೆಗಿನ ಅವಧಿ ಮೂರನೆಯದು. ದಾಖಲೆ ಮೊದಲೆರಡಕ್ಕೆ ಒಂದೊಂದು ಸಾಲು ಕೊಟ್ಟು ಮುಗಿಸುತ್ತದೆ, ಮೂರನೆಯದರ ಬಗ್ಗೆ ಏನೂ ಹೇಳುವುದಿಲ್ಲ. ಹಾಗಾಗಿ ಓದಿದವರು ಮೂರನ್ನೂ ಒಂದೇ ಎಂದುಕೊಂಡು ಸಂಖ್ಯೆ ತುಂಬುತ್ತಾರೆ. ಮೊದಲು ಬೋರ್ಡ್ ಸರಿಮಾಡೋಣ. ಅದು ಸರಿಯಾದರೆ ದಾಖಲೆಯಲ್ಲಿ ಏನು ಬರೆಯಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

1600 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಮ್ಯಾಕ್ಸ್706 ಡೇಟಾಶೀಟ್‌ನ ಮೊದಲ ಪುಟದಲ್ಲೇ ವಾಚ್‌ಡಾಗ್ ಅವಧಿ 1.6 ಸೆಕೆಂಡ್ ಎಂದಿದೆ. ಅದು ಸಾಮಾನ್ಯ ಮೌಲ್ಯ ಮಾತ್ರ. ಒಳಗಿನ ವಿದ್ಯುತ್ ಗುಣಗಳ ಕೋಷ್ಟಕ ನೋಡಿ: ಕನಿಷ್ಠ 1.00, ಗರಿಷ್ಠ 2.25 ಸೆಕೆಂಡ್. ಅಂದರೆ ಅದೇ ಬ್ಯಾಚಿನ ಒಂದು ಚಿಪ್ ಒಂದು ಸೆಕೆಂಡಿಗೇ ಕಚ್ಚಬಹುದು, ಇನ್ನೊಂದು ಎರಡು ಸೆಕೆಂಡ್ ದಾಟಿದರೂ ಕಾಯಬಹುದು. ಎರಡೂ ಕೆಟ್ಟ ಚಿಪ್‌ಗಳಲ್ಲ. ಟಿಪಿಎಸ್3823 ಎಂಬ ಇನ್ನೊಂದು ವಾಚ್‌ಡಾಗ್ ಚಿಪ್ ಬಳಸಿದರೂ ಇದೇ ಕಥೆ: ಸಾಮಾನ್ಯ 1.6, ಕನಿಷ್ಠ 0.9, ಗರಿಷ್ಠ 2.5 ಸೆಕೆಂಡ್. ಈ ಚಿಪ್‌ಗಳ ಒಳಗಿನ ಆಸಿಲೇಟರ್‌ಗೆ ಕ್ರಿಸ್ಟಲ್ ಇಲ್ಲ, ತಾಪಮಾನಕ್ಕೂ ತಯಾರಿಕೆಗೂ ತಕ್ಕಂತೆ ಇಷ್ಟು ಅಗಲದ ವ್ಯತ್ಯಾಸ ಇದ್ದೇ ಇರುತ್ತದೆ.

ಕರ್ನಲ್ ಈ ಸಂಖ್ಯೆಯನ್ನು ಹೇಗೆ ಬಳಸುತ್ತದೆಂದು ನೋಡಿದರೆ ಅಪಾಯ ಸ್ಪಷ್ಟವಾಗುತ್ತದೆ. ಡ್ರೈವರ್ ಇದನ್ನು ವಾಚ್‌ಡಾಗ್ ಕೋರ್‌ಗೆ (ಎಲ್ಲ ವಾಚ್‌ಡಾಗ್ ಡ್ರೈವರ್‌ಗಳಿಗೂ ಸಾಮಾನ್ಯವಾದ ಕರ್ನಲ್ ಭಾಗಕ್ಕೆ) ‘ಮ್ಯಾಕ್ಸ್_ಎಚ್‌ಡಬ್ಲ್ಯೂ_ಹಾರ್ಟ್‌ಬೀಟ್_ಎಂಎಸ್’ ಎಂದು ಕೊಡುತ್ತದೆ. ಕೋರ್ ತಾನೇ ಪಿಂಗ್ ಮಾಡಬೇಕಾದಾಗ ಅದರ ಅರ್ಧ ಅವಧಿಗೊಮ್ಮೆ ಮಾಡುತ್ತದೆ. 1600 ಕೊಟ್ಟರೆ 800 ಮಿಲಿಸೆಕೆಂಡ್‌ಗೊಮ್ಮೆ. ಒಂದು ಸೆಕೆಂಡಿಗೇ ಕಚ್ಚುವ ಚಿಪ್ ಇದ್ದರೆ ಉಳಿಯುವುದು 200 ಮಿಲಿಸೆಕೆಂಡ್ ಮಾತ್ರ. ಪಿಂಗ್ ಮಾಡುವ ‘ವಾಚ್‌ಡಾಗ್‌ಡಿ’ ಥ್ರೆಡ್‌ಗೆ ಫಿಫೊ ಆದ್ಯತೆ (ಸಾಮಾನ್ಯ ಪ್ರೋಗ್ರಾಂಗಳಿಗಿಂತ ಮೊದಲು ಓಡುವ ಹಕ್ಕು) ಇರುವುದರಿಂದ ಮಾಮೂಲಿ ಲೋಡ್ ಅದನ್ನು ಅಲುಗಾಡಿಸುವುದಿಲ್ಲ. ಆದರೆ ಇಂಟರಪ್ಟ್ ಮುಚ್ಚಿಕೊಂಡು ಕೂರುವ ಯಾವುದೇ ಕೋಡ್ ಅದನ್ನು ತಡೆಯುತ್ತದೆ. 115200 ಬಾಡ್ ಸೀರಿಯಲ್ ಕನ್ಸೋಲ್ ಸೆಕೆಂಡಿಗೆ 11520 ಅಕ್ಷರ ಕಳಿಸುತ್ತದೆ. ಎಂದರೆ ಸುಮಾರು 2300 ಅಕ್ಷರಗಳ ಕರ್ನಲ್ ಸಂದೇಶ ಇಂಟರಪ್ಟ್ ಮುಚ್ಚಿದ ಸ್ಥಿತಿಯಲ್ಲಿ ಹೊರಬಿದ್ದರೆ ಆ 200 ಮಿಲಿಸೆಕೆಂಡ್ ಮುಗಿದೇಹೋಯಿತು. ಒಂದು ದೊಡ್ಡ ಎಚ್ಚರಿಕೆ ಸಂದೇಶ, ಅದರ ಜತೆಗೆ ಸ್ಟ್ಯಾಕ್ ಟ್ರೇಸ್ ಬಂದರೆ ಇಷ್ಟು ಅಕ್ಷರ ಸುಲಭವಾಗಿ ಆಗುತ್ತದೆ. ಆದ್ದರಿಂದ ಇಲ್ಲಿ ಬರೆಯಬೇಕಾದ್ದು ಡೇಟಾಶೀಟ್‌ನ ಕನಿಷ್ಠ ಮೌಲ್ಯ: ಮ್ಯಾಕ್ಸ್706ಗೆ 1000, ಟಿಪಿಎಸ್3823ಗೆ 900. ಆಗ ಪಿಂಗ್ 500 ಅಥವಾ 450 ಮಿಲಿಸೆಕೆಂಡ್‌ಗೊಮ್ಮೆ ಹೋಗುತ್ತದೆ, ಅತಿ ಅವಸರದ ಚಿಪ್‌ಗೂ ಅರ್ಧದಷ್ಟು ಸಮಯ ಉಳಿಯುತ್ತದೆ. ಇದಕ್ಕೆ ಒಪ್ಪಿತ ವ್ಯಾಪ್ತಿ 2ರಿಂದ 65535, ಅದರ ಹೊರಗಿನ ಮೌಲ್ಯ ಕೊಟ್ಟರೆ ಡ್ರೈವರ್ ಪ್ರೋಬ್ ಆಗುವುದಿಲ್ಲ, ಅಂದರೆ ಕೆಲಸವನ್ನೇ ಶುರುಮಾಡುವುದಿಲ್ಲ.

ಇನ್ನು ಲೋಡ್ ಹೆಚ್ಚಾದಾಗಿನ ರೀಸೆಟ್. ಇದಕ್ಕೆ ದೊಡ್ಡ ಕಾರಣ ನೀವು ಕೊಟ್ಟ ‘ಟೈಮ್‌ಔಟ್-ಸೆಕ್’ 1. ಚಿಪ್‌ನ ಅವಧಿ 1.6 ಸೆಕೆಂಡ್ ಆದ್ದರಿಂದ ಇಲ್ಲಿಯೂ ಅದರೊಳಗಿನ ಸಂಖ್ಯೆಯೇ ಇರಬೇಕೆಂದು ನೀವು ತಿಳಿದಂತಿದೆ. ಈ ಪ್ರಾಪರ್ಟಿ ಚಿಪ್‌ಗೆ ಸಂಬಂಧಿಸಿದ್ದಲ್ಲ. ಯೂಸರ್‌ಸ್ಪೇಸ್ ಪ್ರೋಗ್ರಾಂ ವಾಚ್‌ಡಾಗ್ ಡಿವೈಸ್‌ಗೆ ಎಷ್ಟು ಸೆಕೆಂಡ್ ಒಳಗೆ ಬರೆಯಬೇಕು ಎಂಬ ಗಡುವು ಅದು. ಗಡುವು ಚಿಪ್‌ನ ಅವಧಿಗಿಂತ ದೊಡ್ಡದಿದ್ದರೆ ಮಾತ್ರ ಕೋರ್ ನಡುವೆ ನಿಂತು ಚಿಪ್‌ಗೆ ಪಿಂಗ್ ಮಾಡುತ್ತಿರುತ್ತದೆ. ನಿಮ್ಮ ಡಿವೈಸ್ ಟ್ರೀಯಲ್ಲಿ ಗಡುವು 1000 ಮಿಲಿಸೆಕೆಂಡ್, ಚಿಪ್‌ನದೆಂದು ಹೇಳಿರುವುದು 1600. ಗಡುವೇ ಚಿಕ್ಕದು, ಹಾಗಾಗಿ ಪ್ರೋಗ್ರಾಂ ಡಿವೈಸ್ ತೆರೆದ ಕ್ಷಣದಿಂದ ಕೋರ್ ಕೈಬಿಡುತ್ತದೆ. ಫಿಫೊ ಆದ್ಯತೆಯ ಥ್ರೆಡ್ ಹೋಗಿ ನಿಮ್ಮ ಸಾಮಾನ್ಯ ಆದ್ಯತೆಯ ಪ್ರೋಗ್ರಾಂ ಒಂದೇ ಚಿಪ್ ಮುಂದೆ ಉಳಿಯಿತು. ಫ್ಲಾಶ್‌ಗೆ ಬರೆಯುವ ಕೆಲಸ ಜೋರಾದಾಗ ಅದು ಒಂದು ಸೆಕೆಂಡ್ ತಡವಾಗುವುದು ಅಚ್ಚರಿಯಲ್ಲ.

ಗಡುವನ್ನು 60 ಮಾಡಿ, ಮಾರ್ಜಿನ್ 1000 ಇರಲಿ. ಆಗ ಪ್ರೋಗ್ರಾಂ ಸತ್ತರೆ ಏನಾಗುತ್ತದೆ? ಅದರ ಕೊನೆಯ ಬರಹದಿಂದ 59ನೇ ಸೆಕೆಂಡ್‌ವರೆಗೆ ಕೋರ್ ಪಿಂಗ್ ಮಾಡಿ ನಿಲ್ಲಿಸುತ್ತದೆ. ಗಡುವಿಗಿಂತ ಸರಿಯಾಗಿ ಒಂದು ಹಾರ್ಡ್‌ವೇರ್ ಅವಧಿ ಮೊದಲು ಕೊನೆಯ ಪಿಂಗ್ ಬೀಳುವಂತೆ ಲೆಕ್ಕವಿದೆ. ಅಲ್ಲಿಂದ ಚಿಪ್ 1.00ರಿಂದ 2.25 ಸೆಕೆಂಡ್ ತೆಗೆದುಕೊಳ್ಳುತ್ತದೆ. ಒಟ್ಟು 60ರಿಂದ 61.25 ಸೆಕೆಂಡ್ ನಡುವೆ ರೀಸೆಟ್. 60 ತೀರಾ ಹೆಚ್ಚೆನಿಸಿದರೆ 10 ಕೊಡಿ, ತತ್ವ ಅದೇ. ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ಪ್ರೋಗ್ರಾಂ) ಬಳಸುತ್ತಿದ್ದರೆ ಅದರ ‘ರನ್‌ಟೈಮ್‌ವಾಚ್‌ಡಾಗ್‌ಸೆಕ್’ ಸೆಟ್ಟಿಂಗ್ ಡಿವೈಸ್ ಟ್ರೀಯ ಗಡುವನ್ನು ಬದಲಿಸಿಬಿಡುತ್ತದೆ ಎಂಬುದೂ ನೆನಪಿರಲಿ. ಡಿವೈಸ್ ಟ್ರೀಯಲ್ಲಿರುವುದು ಯಾರೂ ಬೇರೆ ಹೇಳುವವರೆಗಿನ ಆರಂಭಿಕ ಮೌಲ್ಯ ಮಾತ್ರ.

ಆಲ್ವೇಸ್-ರನ್ನಿಂಗ್ ಬೇಕೇ ಬೇಡವೇ ಎಂಬುದನ್ನು ಸ್ಕೀಮ್ಯಾಟಿಕ್ ನೋಡಿ ನಿರ್ಧರಿಸಬೇಕು, ತಾಳೆ ಬರುವವರೆಗೆ ಹಾಕಿ ತೆಗೆದು ನೋಡುವ ವಿಷಯವಲ್ಲ. ಮ್ಯಾಕ್ಸ್706ರಲ್ಲಿ ಪಿಂಗ್ ಪಡೆಯುವ ಡಬ್ಲ್ಯೂಡಿಐ ಪಿನ್ ಅನ್ನು ತೇಲಲು (ಯಾವ ಮಟ್ಟಕ್ಕೂ ಎಳೆಯದೆ) ಬಿಟ್ಟರೆ ಅದರ ವಾಚ್‌ಡಾಗ್ ನಿಲ್ಲುತ್ತದೆ. ಪಿಂಗ್ ವಿಧಾನ ಹೇಳುವ ‘ಎಚ್‌ಡಬ್ಲ್ಯೂ_ಆಲ್ಗೊ’ಗೆ ‘ಟಾಗಲ್’ (ಪ್ರತಿ ಪಿಂಗ್‌ಗೂ ಪಿನ್‌ನ ಮಟ್ಟ ಬದಲಿಸುವುದು) ಕೊಟ್ಟಿದ್ದರೆ ಡ್ರೈವರ್ ಇದನ್ನೇ ನೆಚ್ಚಿಕೊಂಡಿದೆ: ಯಾರೂ ಡಿವೈಸ್ ತೆರೆಯದಿರುವಾಗ ಪಿನ್ ಅನ್ನು ಇನ್‌ಪುಟ್ ಮಾಡಿ ಬಿಡುತ್ತದೆ, ಚಿಪ್ ಸುಮ್ಮನಾಗುತ್ತದೆ. ಆದರೆ ಆ ಗೆರೆಯ ಮೇಲೆ ಹೊರಗಿನ ಪುಲ್-ಅಪ್ ಇದ್ದರೆ, ಅಥವಾ ನಡುವೆ ಸದಾ ಚಾಲೂ ಇರುವ ಬಫರ್ ಇದ್ದರೆ, ಜಿಪಿಐಒ ಇನ್‌ಪುಟ್ ಆದರೂ ಚಿಪ್ ಕಡೆ ಪಿನ್ ತೇಲುವುದಿಲ್ಲ. ಆಗ ಆ ಬೋರ್ಡ್‌ನಲ್ಲಿ ವಾಚ್‌ಡಾಗ್ ನಿಲ್ಲಿಸಲಾಗದ್ದು, ಆಲ್ವೇಸ್-ರನ್ನಿಂಗ್ ಬೇಕೇ ಬೇಕು. ಒಂದೇ ಚಿಪ್‌ಗೆ ಒಂದು ಬೋರ್ಡ್‌ನಲ್ಲಿ ಈ ಪ್ರಾಪರ್ಟಿ ಬೇಕಾಗಬಹುದು, ಇನ್ನೊಂದರಲ್ಲಿ ಬೇಡವಾಗಬಹುದು.

ಅದೇ ‘ಎಚ್‌ಡಬ್ಲ್ಯೂ_ಆಲ್ಗೊ’ದ ಇನ್ನೊಂದು ಆಯ್ಕೆಯಾದ ‘ಲೆವೆಲ್’ ವಿಧಾನದಲ್ಲಿ ಅಪಾಯ ಬೇರೆ. ಒಂದು ಮಟ್ಟ ಎಣಿಕೆ ಶುರುಮಾಡುತ್ತದೆ, ಎದುರು ಮಟ್ಟ ಅದನ್ನು ನಿಲ್ಲಿಸುತ್ತದೆ. ಯಾವುದು ಯಾವುದೆಂದು ಹೇಳುವುದು ಜಿಪಿಐಒ ಫ್ಲ್ಯಾಗ್. ಆಕ್ಟಿವ್-ಲೋ, ಆಕ್ಟಿವ್-ಹೈ ಅದಲುಬದಲಾದರೆ ಡ್ರೈವರ್ ನಿಲ್ಲಿಸಿದೆ ಎಂದುಕೊಂಡಾಗ ಎಣಿಕೆ ಶುರುವಾಗಿರುತ್ತದೆ. ಈ ವಿಧಾನದಲ್ಲಿ ಪಿಂಗ್ ಎಂದರೆ ಸುಮಾರು ಒಂದು ಮೈಕ್ರೋಸೆಕೆಂಡ್‌ನ ಪಲ್ಸ್. ನೇರ ತಂತಿಗೆ ಅಷ್ಟು ಸಾಕು, ಆದರೆ ನಡುವೆ ಆರ್‌ಸಿ ಫಿಲ್ಟರ್ ಅಥವಾ ನಿಧಾನದ ಆಪ್ಟೊಕಪ್ಲರ್ ಇಟ್ಟಿದ್ದರೆ ಆ ಪಲ್ಸ್ ಆಚೆ ತಲುಪುವುದೇ ಇಲ್ಲ.

ಆಲ್ವೇಸ್-ರನ್ನಿಂಗ್ ಹಾಕಿದ ಮೇಲೂ ಬೂಟ್‌ನಲ್ಲಿ ರೀಸೆಟ್ ಆಗುವುದಕ್ಕೆ ಕಾರಣ ಸರಳ: ಆ ಪ್ರಾಪರ್ಟಿಯನ್ನು ಓದುವ ಡ್ರೈವರ್ ಇನ್ನೂ ಎದ್ದಿರುವುದಿಲ್ಲ. ರೀಸೆಟ್ ಗೆರೆ ಬಿಟ್ಟಾಗಿನಿಂದ ಚಿಪ್ ಎಣಿಸತೊಡಗುತ್ತದೆ. ಬೂಟ್ ರಾಮ್, ಯು-ಬೂಟ್ (ಕರ್ನಲ್ ಲೋಡ್ ಮಾಡುವ ಬೂಟ್‌ಲೋಡರ್), ಕರ್ನಲ್ ಬಿಚ್ಚುವುದು, ಆರಂಭದ ಹಂತಗಳು, ಇವೆಲ್ಲ ಮುಗಿಯಲು ಒಂದು ಸೆಕೆಂಡ್ ಎಲ್ಲಿ ಸಾಲುತ್ತದೆ? ಯು-ಬೂಟ್‌ನಲ್ಲಿ ಜಿಪಿಐಒ ವಾಚ್‌ಡಾಗ್ ಡ್ರೈವರ್ ಚಾಲೂ ಮಾಡಿ, ಅದೂ ಡಿವೈಸ್ ಟ್ರೀಯ ಇದೇ ನೋಡ್ (ನಮೂದು) ಅನ್ನು ಓದುತ್ತದೆ. ಕರ್ನಲ್‌ನಲ್ಲಿ ‘ಕಾನ್ಫಿಗ್_ಜಿಪಿಐಒ_ವಾಚ್‌ಡಾಗ್_ಆರ್ಚ್_ಇನಿಟ್‌ಕಾಲ್’ ಆಯ್ಕೆ ಇದೆ, ಡ್ರೈವರ್ ಅನ್ನು ಆದಷ್ಟು ಬೇಗ ನೋಂದಾಯಿಸಲೆಂದೇ ಇರುವುದು. ಇದಕ್ಕೆ ಡ್ರೈವರ್ ಮಾಡ್ಯೂಲ್ ಆಗಿರದೆ ಕರ್ನಲ್ ಒಳಗೇ ಇರಬೇಕು. ಆದರೆ ಜಿಪಿಐಒ ಕಂಟ್ರೋಲರ್ ಅಷ್ಟರಲ್ಲಿ ಸಿದ್ಧವಿರಬೇಕು. ಇಲ್ಲದಿದ್ದರೆ ಪ್ರೋಬ್ ಮುಂದೂಡಲ್ಪಡುತ್ತದೆ, ಹಾಗೆ ಮುಂದೂಡಿದ್ದನ್ನು ಕರ್ನಲ್ ಲೇಟ್ ಇನಿಟ್‌ಕಾಲ್ ಹಂತದವರೆಗೆ (ಕರ್ನಲ್ ಆರಂಭದ ಕೊನೆಯ ಭಾಗದವರೆಗೆ) ಮತ್ತೆ ಯತ್ನಿಸುವುದಿಲ್ಲ. ವಾಚ್‌ಡಾಗ್ ಪಿನ್ ಅನ್ನು ಐ2ಸಿ ಎಕ್ಸ್‌ಪ್ಯಾಂಡರ್ (ಹೆಚ್ಚುವರಿ ಪಿನ್ ಕೊಡುವ ಚಿಪ್) ಮೇಲೆ ಹಾಕಿದ ಬೋರ್ಡ್‌ಗಳು ಇಲ್ಲೇ ಸಿಕ್ಕಿಬೀಳುತ್ತವೆ. ಯು-ಬೂಟ್‌ನ ಕೊನೆಯ ಪಿಂಗ್‌ನಿಂದ ಕರ್ನಲ್‌ನ ಮೊದಲ ಪಿಂಗ್‌ವರೆಗಿನ ಅಂತರ ಒಂದು ಸೆಕೆಂಡ್ ದಾಟುತ್ತಿದ್ದರೆ ಸಾಫ್ಟ್‌ವೇರ್‌ನಿಂದ ಪರಿಹಾರ ಸಿಗುವುದಿಲ್ಲ. ಬೂಟ್ ಮುಗಿಯುವವರೆಗೆ ಡಬ್ಲ್ಯೂಡಿಐ ತೇಲುವಂತೆ ಟ್ರೈ-ಸ್ಟೇಟ್ ಬಫರ್ ಇಡಬೇಕು, ಇಲ್ಲವೇ ಹೆಚ್ಚು ಅವಧಿಯ ಚಿಪ್ ಆರಿಸಬೇಕು.

ಆಲ್ವೇಸ್-ರನ್ನಿಂಗ್ ಇರುವ ಬೋರ್ಡ್‌ಗೆ ಒಂದು ಎಚ್ಚರಿಕೆ. ಯೂಸರ್‌ಸ್ಪೇಸ್ ಡಿವೈಸ್ ತೆರೆಯುವವರೆಗೆ ಕರ್ನಲ್ ಪಿಂಗ್ ಮಾಡುತ್ತಲೇ ಇರುತ್ತದೆ. ರೂಟ್ ಫೈಲ್‌ಸಿಸ್ಟಂ ಹಾಳಾಗಿ ಪ್ರೋಗ್ರಾಂ ಶುರುವಾಗದಿದ್ದರೆ ಬೋರ್ಡ್ ಅನಂತ ಕಾಲ ನೇತಾಡುತ್ತದೆ, ವಾಚ್‌ಡಾಗ್ ಇದ್ದೂ ಇಲ್ಲದಂತೆ. ಕರ್ನಲ್ ಕಮಾಂಡ್‌ಲೈನ್‌ನಲ್ಲಿ ‘ವಾಚ್‌ಡಾಗ್.ಓಪನ್_ಟೈಮ್‌ಔಟ್=120’ ಕೊಟ್ಟರೆ ಎರಡು ನಿಮಿಷದಲ್ಲಿ ಯಾರೂ ತೆರೆಯದಿದ್ದಾಗ ಕರ್ನಲ್ ಪಿಂಗ್ ನಿಲ್ಲಿಸುತ್ತದೆ. ಬೇರೆ ಹೇಳದಿದ್ದರೆ ಇದರ ಮೌಲ್ಯ 0, ಅಂದರೆ ಮಿತಿಯೇ ಇಲ್ಲ. ದೂರದ ಸ್ಥಳದಲ್ಲಿ ಇಡುವ ಸಾಧನಕ್ಕೆ ಇದನ್ನು ಕೊಡದೆ ಕಳಿಸಲೇಬೇಡಿ.

ಸ್ಕೀಮ್ಯಾಟಿಕ್ ತೆರೆದಿರುವಾಗಲೇ ಇನ್ನೊಂದು ಗೆರೆ ನೋಡಿಬಿಡಿ. ಮ್ಯಾಕ್ಸ್706ರಲ್ಲಿ ವಾಚ್‌ಡಾಗ್ ಅವಧಿ ಮೀರಿದಾಗ ಕೆಳಗಿಳಿಯುವುದು ಡಬ್ಲ್ಯೂಡಿಒ ಪಿನ್. ಅದನ್ನು ಎಂಆರ್ ಪಿನ್‌ಗೆ (ಚಿಪ್‌ನಿಂದ ರೀಸೆಟ್ ಕೇಳುವ ಇನ್‌ಪುಟ್‌ಗೆ) ಜೋಡಿಸಿದ್ದರೆ ಮಾತ್ರ ರೀಸೆಟ್ ಬರುತ್ತದೆ. ಟಿಪಿಎಸ್3823 ತಾನೇ ರೀಸೆಟ್ ಎಳೆಯುತ್ತದೆ. ನಿಮ್ಮ ಬೋರ್ಡ್‌ಗಳಲ್ಲಿ ರೀಸೆಟ್ ಆಗುತ್ತಿರುವುದರಿಂದ ಜೋಡಣೆ ಇದೆ ಎಂದು ಕಾಣುತ್ತದೆ, ಆದರೂ ಖಚಿತಪಡಿಸಿಕೊಳ್ಳಿ. ಆ ರೀಸೆಟ್ ವಾಚ್‌ಡಾಗ್‌ನದೇ, ಅಥವಾ ಅದೇ ಚಿಪ್‌ನ ವೋಲ್ಟೇಜ್ ನಿಗಾದ್ದೇ ಎಂದು ಬೇರ್ಪಡಿಸಲು ಡಬ್ಲ್ಯೂಡಿಒ ಜತೆಗೆ ವಿದ್ಯುತ್ ಪೂರೈಕೆಯ ಗೆರೆಯ ಮೇಲೂ ಆಸಿಲೊಸ್ಕೋಪ್ ಇಡಿ, ಏಕೆಂದರೆ ವೋಲ್ಟೇಜ್ ಕುಸಿದಾಗಲೂ ಡಬ್ಲ್ಯೂಡಿಒ ಕೆಳಗಿಳಿಯುತ್ತದೆ.

ಪರೀಕ್ಷೆ ಹೀಗೆ ಮಾಡಿ. ಡಬ್ಲ್ಯೂಡಿಐ ಮೇಲೆ ಒಂದು ಆಸಿಲೊಸ್ಕೋಪ್ ಚಾನೆಲ್, ರೀಸೆಟ್ ಮೇಲೆ ಇನ್ನೊಂದು. ಮಾರ್ಜಿನ್ 1000, ಗಡುವು 60 ಇದ್ದಾಗ ಡಬ್ಲ್ಯೂಡಿಐನಲ್ಲಿ 500 ಮಿಲಿಸೆಕೆಂಡ್‌ಗೊಂದು ಅಂಚು ಕಾಣಬೇಕು. 800 ಕಂಡರೆ ಹಳೆಯ ಡಿಟಿಬಿಯೇ (ಕಂಪೈಲ್ ಮಾಡಿದ ಡಿವೈಸ್ ಟ್ರೀ) ಲೋಡ್ ಆಗಿದೆ. ‘ಡಬ್ಲ್ಯೂಡಿಸಿಟಿಎಲ್’ ಕಮಾಂಡ್‌ನಿಂದ ಗಡುವು ಎಷ್ಟಿದೆ ನೋಡಿ. ಆಮೇಲೆ ‘ಕರ್ನಲ್.ಪ್ಯಾನಿಕ್’ ಮೌಲ್ಯ 0 ಇರುವಂತೆ ಮಾಡಿ ಸಿಸ್‌ಆರ್‌ಕ್ಯು (ಕರ್ನಲ್‌ಗೆ ನೇರ ಆದೇಶ ಕೊಡುವ ಸೌಲಭ್ಯ) ಮೂಲಕ ಪ್ಯಾನಿಕ್ (ಕರ್ನಲ್ ಕುಸಿತ) ತನ್ನಿ. ಮೌಲ್ಯ 0 ಇಲ್ಲದಿದ್ದರೆ ಕರ್ನಲ್ ತಾನೇ ರೀಬೂಟ್ ಆಗಿ ವಾಚ್‌ಡಾಗ್ ಕೆಲಸ ಮಾಡಿತೆಂಬ ಭ್ರಮೆ ಹುಟ್ಟಿಸುತ್ತದೆ. ಕೊನೆಯ ಅಂಚಿನಿಂದ ರೀಸೆಟ್‌ವರೆಗಿನ ಸಮಯವೇ ಆ ಚಿಪ್‌ನ ನಿಜವಾದ ಅವಧಿ. ನಾಲ್ಕಾರು ಬೋರ್ಡ್‌ಗಳಲ್ಲಿ, ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಅಳೆಯಿರಿ. ಆದರೆ ಅಳೆದ ಸಂಖ್ಯೆಯನ್ನು ಡಿವೈಸ್ ಟ್ರೀಗೆ ಹಾಕಬೇಡಿ, ಅಲ್ಲಿಗೆ ಸಲ್ಲುವುದು ಡೇಟಾಶೀಟ್ ಭರವಸೆ ಕೊಡುವ ಕನಿಷ್ಠ ಮಾತ್ರ.

ಈಗ ದಾಖಲೆ. ಬೈಂಡಿಂಗ್ ದಾಖಲೆ ಹಾರ್ಡ್‌ವೇರ್ ಅನ್ನು ವಿವರಿಸಬೇಕು, ಲಿನಕ್ಸ್ ಡ್ರೈವರ್ ಅನ್ನಲ್ಲ. ಅದೇ ಡಿವೈಸ್ ಟ್ರೀಯನ್ನು ಯು-ಬೂಟ್ ಓದುತ್ತದೆ, ಬೇರೆ ಆಪರೇಟಿಂಗ್ ಸಿಸ್ಟಂ ಕೂಡ ಓದಬಹುದು. ಹಾಗಾಗಿ ಮೇಲೆ ನಾನು ವಿವರಿಸಿದ ಅರ್ಧ ಅವಧಿಯ ಲೆಕ್ಕ, ವಾಚ್‌ಡಾಗ್‌ಡಿ, ಓಪನ್ ಟೈಮ್‌ಔಟ್, ಇನಿಟ್‌ಕಾಲ್, ಇವು ಯಾವುವೂ ನಿಮ್ಮ ಪ್ಯಾಚ್‌ನಲ್ಲಿ ಬರಬಾರದು. ಬರೆಯಬೇಕಾದ್ದು ಇಷ್ಟು. ಮಾರ್ಜಿನ್ ಪ್ರಾಪರ್ಟಿಗೆ: ಸತತ ಎರಡು ಪಿಂಗ್‌ಗಳ ನಡುವೆ ಇರಬಹುದಾದ ಗರಿಷ್ಠ ಅಂತರ, ಮಿಲಿಸೆಕೆಂಡ್‌ನಲ್ಲಿ. ಚಿಪ್‌ನ ಅವಧಿಗೆ ಕನಿಷ್ಠ-ಗರಿಷ್ಠ ವ್ಯಾಪ್ತಿ ಇದ್ದರೆ ಕನಿಷ್ಠವನ್ನೇ ಕೊಡಬೇಕು. ಗರಿಷ್ಠ ಅಂತರ ಎಂದಾಗ ಡೇಟಾಶೀಟ್‌ನ ಗರಿಷ್ಠ ಕಾಲಂ ನೋಡುವ ತಪ್ಪು ಆಗುವುದರಿಂದ ಈ ಎರಡನೆಯ ವಾಕ್ಯ ಇರಲೇಬೇಕು. ಆಲ್ವೇಸ್-ರನ್ನಿಂಗ್‌ಗೆ: ಈ ಬೋರ್ಡ್‌ನಲ್ಲಿ ವಾಚ್‌ಡಾಗ್ ಅನ್ನು ಜಿಪಿಐಒ ಮೂಲಕ ನಿಲ್ಲಿಸಲು ಸಾಧ್ಯವಿಲ್ಲ, ಚಿಪ್‌ನ ಗುಣದಿಂದಾಗಲಿ, ಗೆರೆ ತೇಲದಂತೆ ಮಾಡುವ ಜೋಡಣೆಯಿಂದಾಗಲಿ. ಹೊಸಬರಿಗೆ ಈ ಒಂದು ವಾಕ್ಯ ಎಷ್ಟೋ ದಿನಗಳ ಹುಡುಕಾಟ ಉಳಿಸುತ್ತದೆ. ಟೈಮ್‌ಔಟ್-ಸೆಕ್ ಸಾಮಾನ್ಯ ‘ವಾಚ್‌ಡಾಗ್.ಯಾಮಲ್’ ಸ್ಕೀಮಾದಿಂದ (ಎಲ್ಲ ವಾಚ್‌ಡಾಗ್ ಬೈಂಡಿಂಗ್‌ಗಳಿಗೂ ಸಾಮಾನ್ಯವಾದ ನಿಯಮಗಳ ಕಡತದಿಂದ) ಬರುವುದರಿಂದ ಅದನ್ನು ಇಲ್ಲಿ ಮತ್ತೆ ವಿವರಿಸಬೇಡಿ.

‘ಎಚ್‌ಡಬ್ಲ್ಯೂ_ಮಾರ್ಜಿನ್_ಎಂಎಸ್’ನಲ್ಲಿ ಅಂಡರ್‌ಸ್ಕೋರ್ ಇದೆ, ಇಂದಿನ ರೂಢಿ ಹೈಫನ್. ತಿದ್ದುವ ಆಸೆಯಾದರೂ ಮುಟ್ಟಬೇಡಿ. ಹಳೆಯ ಡಿಟಿಬಿಗಳು ಹೊಸ ಕರ್ನಲ್‌ನಲ್ಲೂ ಓಡಬೇಕು, ಹೆಸರು ಬದಲಿಸಿದರೆ ಆ ಒಪ್ಪಂದ ಮುರಿಯುತ್ತದೆ. ಐಚ್ಛಿಕವಾಗಿದ್ದ ಪ್ರಾಪರ್ಟಿಯನ್ನು ಕಡ್ಡಾಯ ಮಾಡುವುದೂ ಹಾಗೆಯೇ.

ತಂತಿಯ ವಾಸ್ತವವನ್ನು ಬರೆಯುವುದು ಜಿಪಿಐಒ ವಾಚ್‌ಡಾಗ್‌ಗೆ ಮಾತ್ರ ಬೇಕಾದ್ದಲ್ಲ. ಪ್ರೊಸೆಸರ್ ಚಿಪ್‌ಗಳ ಒಳಗೇ ಇರುವ ವಾಚ್‌ಡಾಗ್‌ಗಳನ್ನು ನೋಡಿ. ಸಿನಾಪ್ಸಿಸ್‌ನ ಡಿಸೈನ್‌ವೇರ್ ವಾಚ್‌ಡಾಗ್ ಒಮ್ಮೆ ಶುರುವಾದರೆ ರೀಸೆಟ್ ಗೆರೆ ಎಳೆಯದೆ ನಿಲ್ಲುವುದಿಲ್ಲ. ನೋಡ್‌ನಲ್ಲಿ ‘ರೀಸೆಟ್ಸ್’ ಪ್ರಾಪರ್ಟಿ ಇಲ್ಲದಿದ್ದರೆ ಡ್ರೈವರ್ ನಿಲ್ಲಿಸುವ ಬದಲು ಪಿಂಗ್ ಮಾಡುತ್ತಲೇ ಇರಬೇಕಾಗುತ್ತದೆ. ಆರ್ಮ್‌ನ ಎಸ್‌ಪಿ805 ಮೊದಲ ಸುತ್ತಿನ ಕೊನೆಗೆ ಇಂಟರಪ್ಟ್ ಕೊಟ್ಟು ಎರಡನೇ ಸುತ್ತಿನ ಕೊನೆಗೆ ರೀಸೆಟ್ ಮಾಡುತ್ತದೆ, ಆದ್ದರಿಂದ ಡ್ರೈವರ್ ಅರ್ಧ ಎಣಿಕೆ ತುಂಬುತ್ತದೆ. ಅದಕ್ಕೆ ಎರಡು ಕ್ಲಾಕ್‌ಗಳಿವೆ, ಎಣಿಸುವ ಕ್ಲಾಕ್ ಮತ್ತು ಬಸ್ ಕ್ಲಾಕ್. ಎರಡೂ ಅದಲುಬದಲಾದರೆ ಅವಧಿಯೇ ತಪ್ಪುತ್ತದೆ. ಐ.ಎಂಎಕ್ಸ್‌ನ ‘ಎಫ್‌ಎಸ್‌ಎಲ್,ಎಕ್ಸ್ಟ್-ರೀಸೆಟ್-ಔಟ್‌ಪುಟ್’ ರೀಸೆಟ್ ಚಿಪ್‌ನೊಳಗೇ ಮುಗಿಯುತ್ತದೆಯೋ ಡಬ್ಲ್ಯೂಡಾಗ್_ಬಿ ಪಿನ್ ಮೂಲಕ ಹೊರಗೆ ಹೋಗುತ್ತದೆಯೋ ಎಂದು ಹೇಳುತ್ತದೆ. ಆ ಪಿನ್‌ಗೆ ಪಿನ್‌ಕಂಟ್ರೋಲ್ (ಪಿನ್‌ನ ಕೆಲಸ ಗೊತ್ತುಮಾಡುವ ನಮೂದು) ಹಾಕದಿದ್ದರೆ ಪ್ರಾಪರ್ಟಿ ಇದ್ದರೂ ಪಿಎಂಐಸಿಗೆ (ವಿದ್ಯುತ್ ನಿರ್ವಹಿಸುವ ಚಿಪ್‌ಗೆ) ಸುದ್ದಿ ಮುಟ್ಟುವುದಿಲ್ಲ.

ಪ್ಯಾಚ್ ಸಿದ್ಧಪಡಿಸುವಾಗ ‘ಪಿಪ್’ನಿಂದ ಬೈಂಡಿಂಗ್ ಪರೀಕ್ಷಿಸುವ ‘ಡಿಟಿಸ್ಕೀಮಾ’ ಹಾಕಿಕೊಳ್ಳಿ, ‘ಯಾಮಲ್‌ಲಿಂಟ್’ ಕೂಡ ಇರಲಿ. ‘ಮೇಕ್ ಡಿಟಿ_ಬೈಂಡಿಂಗ್_ಚೆಕ್’ ಓಡಿಸುವಾಗ ‘ಡಿಟಿ_ಸ್ಕೀಮಾ_ಫೈಲ್ಸ್’ಗೆ ನಿಮ್ಮ ಫೈಲ್‌ನ ಹೆಸರು ಕೊಟ್ಟರೆ ಅದೊಂದನ್ನೇ ಪರೀಕ್ಷಿಸುತ್ತದೆ, ಒಳಗಿನ ಉದಾಹರಣೆಯನ್ನೂ ಕಂಪೈಲ್ ಮಾಡಿ ನೋಡುತ್ತದೆ, ಆದರೆ ಉದಾಹರಣೆಯಲ್ಲಿ 1600ರಂತಹ ಸಂಖ್ಯೆ ಉಳಿದಿದ್ದರೆ ಅದನ್ನೂ ವಿವರಣೆಗೆ ತಕ್ಕಂತೆ ತಿದ್ದಿ, ಸ್ಕೀಮಾ ಅದನ್ನು ಹಿಡಿಯುವುದಿಲ್ಲ. ನೋಡ್‌ಗೆ ‘ಡಬ್ಲ್ಯೂಡಿಟಿ’ ಎಂದು ಹೆಸರಿಟ್ಟರೆ ಆಕ್ಷೇಪ ಬರುತ್ತದೆ, ‘ವಾಚ್‌ಡಾಗ್’ ಎಂದೇ ಇರಬೇಕು. ಸಾಮಾನ್ಯ ಸ್ಕೀಮಾವನ್ನು ‘ರೆಫ್’ ಮಾಡಿ ಕೊನೆಯಲ್ಲಿ ‘ಅಡಿಷನಲ್‌ಪ್ರಾಪರ್ಟೀಸ್: ಫಾಲ್ಸ್’ ಬರೆದರೆ ಟೈಮ್‌ಔಟ್-ಸೆಕ್ ಅನಿರೀಕ್ಷಿತ ಎಂಬ ದೂರು ಬರುತ್ತದೆ, ಅಲ್ಲಿ ‘ಅನ್‌ಇವ್ಯಾಲ್ಯುಯೇಟೆಡ್‌ಪ್ರಾಪರ್ಟೀಸ್: ಫಾಲ್ಸ್’ ಬೇಕು. ವಿವರಣೆಯ ಮಧ್ಯೆ ಕೋಲನ್ ಮತ್ತು ಖಾಲಿ ಜಾಗ ಒಟ್ಟಿಗೆ ಬಂದರೆ ಯಾಮಲ್ ಒಡೆಯುತ್ತದೆ, ಆಗ ವಿವರಣೆಯ ಮೊದಲಿಗೆ ನೆಟ್ಟಗಿನ ಗೀಟಿನ ಚಿಹ್ನೆ (|) ಹಾಕಿ. ಟ್ಯಾಬ್ ಎಲ್ಲಿಯೂ ಬೇಡ.

ಬೈಂಡಿಂಗ್ ಬದಲಾವಣೆಯೂ ಡ್ರೈವರ್ ಬದಲಾವಣೆಯೂ ಒಂದೇ ಪ್ಯಾಚ್‌ನಲ್ಲಿ ಇರಬಾರದು, ಬೈಂಡಿಂಗ್ ಮೊದಲು ಬರಬೇಕು. ಶೀರ್ಷಿಕೆ ‘ಡಿಟಿ-ಬೈಂಡಿಂಗ್ಸ್: ವಾಚ್‌ಡಾಗ್:’ ಎಂದು ಶುರುವಾಗಲಿ. ಯಾರಿಗೆ ಕಳಿಸಬೇಕೆಂದು ‘ಗೆಟ್_ಮೇಂಟೇನರ್’ ಸ್ಕ್ರಿಪ್ಟ್ ಹೇಳುತ್ತದೆ: ಡಿವೈಸ್ ಟ್ರೀ ನಿರ್ವಾಹಕರಿಗೂ, ವಾಚ್‌ಡಾಗ್ ಉಪವ್ಯವಸ್ಥೆಯ ನಿರ್ವಾಹಕರಾದ ವಿಮ್ ವಾನ್ ಸೆಬ್ರೋಕ್ ಹಾಗೂ ಗುಂಟರ್ ರೋಕ್ ಅವರಿಗೂ ಹೋಗಬೇಕು. ಕಮಿಟ್ ಸಂದೇಶದಲ್ಲಿ ಏನು ಬದಲಿಸಿದಿರಿ ಎಂಬುದಕ್ಕಿಂತ ಏಕೆ ಎಂಬುದು ಮುಖ್ಯ. ಮ್ಯಾಕ್ಸ್706ರ 1.00, 1.60, 2.25 ಎಂಬ ಮೂರು ಮೌಲ್ಯ ಬರೆದು, ಈಗಿನ ವಾಕ್ಯ ಓದಿದವರು ನಡುವಿನದನ್ನು ಆರಿಸುತ್ತಾರೆ, ಅದರಿಂದ ಕೆಲವು ಬೋರ್ಡ್‌ಗಳು ಮಾತ್ರ ರೀಸೆಟ್ ಆಗುತ್ತವೆ ಎಂದು ಹೇಳಿ. ಮಾರ್ಜಿನ್ ವಿವರಣೆಗೆ ಒಂದು ಪ್ಯಾಚ್, ಆಲ್ವೇಸ್-ರನ್ನಿಂಗ್‌ಗೆ ಇನ್ನೊಂದು ಮಾಡಿ. ಎರಡನೆಯದರ ಮಾತುಗಳ ಬಗ್ಗೆ ಚರ್ಚೆ ಎದ್ದರೂ ಮೊದಲನೆಯದು ಅದಕ್ಕಾಗಿ ಕಾಯಬೇಕಿಲ್ಲ.